ಕೆಮ್ಮಣ್ಣು, ಶೇಡಿ, ಇಂಗಳೀಕ

ನಿಮ್ಮ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಪೇಸ್ಟಲ್ ಎಂಬ ಹೆಸರು ನಿಮಗೆ ಹೊಸದಲ್ಲ. ಜೂನ್ ತಿಂಗಳಲ್ಲಿ ಪುಸ್ತಕ, ಕೊಡೆ, ಚೀಲಗಳ ಜೊತೆಗೆ ಅದರದೂ ಒಂದು ಪೆಟ್ಟಿಗೆ ಮನೆಗೆ ಬರುತ್ತದೆ. ಆದರೆ ಆ ಪೆಟ್ಟಿಗೆಯಲ್ಲಿರುವುದು ಮೇಣ ಮತ್ತು ಎಣ್ಣೆಯಲ್ಲಿ ಬಣ್ಣ ಕಲಸಿ ಮಾಡಿದ ಆಯಿಲ್ ಪೇಸ್ಟಲ್. ಜಪಾನಿನ ಸಕುರಾ ಕಂಪನಿ ಅದನ್ನು 1925ರಲ್ಲಿ ಮಾರುಕಟ್ಟೆಗೆ ತಂದಿತು. ಚಿತ್ರಕಾರರು ಬರೀ ಪೇಸ್ಟಲ್ ಎಂದಾಗ ಅವರ ಮನಸ್ಸಿನಲ್ಲಿರುವುದು ಅದಕ್ಕಿಂತ ಬಹಳ ಹಳೆಯದಾದ ಇನ್ನೊಂದು ವಸ್ತು, ಮೆದು ಪೇಸ್ಟಲ್. ಶಾಲೆಯ ಸೀಮೆಸುಣ್ಣದ ದೂರದ ಅಕ್ಕ ಎನ್ನಬಹುದು. ಮುಟ್ಟಿದರೆ ಬೆರಳಿಗೆ ಹತ್ತುತ್ತದೆ, ಜೋರಾಗಿ ಊದಿದರೆ ಚಿತ್ರವೇ ಸ್ವಲ್ಪ ಹಾರಿಹೋಗುತ್ತದೆ.

ಈ ಮೆದು ಪೇಸ್ಟಲ್ಲಿನಿಂದ ಹೊರಟು ನಿಮ್ಮನ್ನು ಹೊನ್ನಾವರದ ಯಕ್ಷಗಾನ ಚೌಕಿಗೆ ಕರೆದುಕೊಂಡು ಹೋಗುವುದು ನನ್ನ ಉದ್ದೇಶ. ಎತ್ತಣ ಮಾಮರ ಎತ್ತಣ ಕೋಗಿಲೆ ಎಂದು ನಿಮಗೆ ಅನ್ನಿಸಬಹುದು. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ಚಿತ್ರೀಕರಣಕ್ಕೆಂದು ಓಡಾಡಿದ ದಿನಗಳಲ್ಲಿ ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ಓದಿದ್ದು ವಿಜ್ಞಾನ, ಹೊಟ್ಟೆಪಾಡಿಗೆ ಹಿಡಿದದ್ದು ಟೆಲಿವಿಷನ್. ಹೀಗಾಗಿ ಬಣ್ಣ ಕಂಡಲ್ಲೆಲ್ಲ ಅದು ಯಾವುದರಿಂದ ಆಗಿದೆ, ಯಾವ ಬೆಳಕಿನಲ್ಲಿ ಹೇಗೆ ಕಾಣುತ್ತದೆ ಎಂದು ಕೇಳುವ ಅಭ್ಯಾಸ ಬಿದ್ದಿದೆ. ಆ ಎರಡು ಪ್ರಶ್ನೆಗಳೇ ಈ ಲೇಖನದ ದಾರಿ.

ಮೆದು ಪೇಸ್ಟಲ್ ಮಾಡುವ ಕ್ರಮ ಸರಳವಾದದ್ದು. ನುಣ್ಣಗೆ ಅರೆದ ಬಣ್ಣದ ಪುಡಿ, ಅದನ್ನು ತಿಳಿಮಾಡಲು ಸೀಮೆಸುಣ್ಣ ಅಥವಾ ಬಿಳಿಜೇಡಿ, ಇವೆರಡನ್ನೂ ಹಿಡಿದಿಡಲು ಅತ್ಯಂತ ತೆಳುವಾದ ಗೋಂದಿನ ನೀರು. ಕಲಸಿ, ಹೊಸೆದು, ನೆರಳಿನಲ್ಲಿ ಒಣಗಿಸಿದರೆ ಆಯಿತು. ಕಷ್ಟವಿರುವುದು ಗೋಂದಿನ ಹದದಲ್ಲಿ. ಒಂದಿಷ್ಟು ಹೆಚ್ಚಾದರೆ ಕಡ್ಡಿ ಕಲ್ಲಾಗುತ್ತದೆ, ಕಾಗದದ ಮೇಲೆ ಗೀರು ಬೀಳುತ್ತದೆಯೇ ಹೊರತು ಬಣ್ಣ ಬೀಳುವುದಿಲ್ಲ. ಕಡಿಮೆಯಾದರೆ ಕೈಯಲ್ಲೇ ಪುಡಿಯಾಗುತ್ತದೆ. ಒಂದೊಂದು ಬಣ್ಣಕ್ಕೂ ಒಂದೊಂದು ಹದ. ಪ್ಯಾರಿಸ್ಸಿನಲ್ಲಿ 1720ರಿಂದ ತನ್ನ ಇತಿಹಾಸವನ್ನು ಎಣಿಸುವ ಪೇಸ್ಟಲ್ ಅಂಗಡಿಯೊಂದು ಇಂದಿಗೂ ಕೈಯಲ್ಲೇ ಕಡ್ಡಿ ಹೊಸೆಯುತ್ತದೆ. ಅದೇ 1720ರಲ್ಲಿ ವೆನಿಸ್ಸಿನ ರೊಸಾಲ್ಬಾ ಕರಿಯೇರಾ ಎಂಬ ಮಹಿಳೆ ಪ್ಯಾರಿಸ್ಸಿಗೆ ಬಂದು, ತನ್ನ ಪೇಸ್ಟಲ್ ಭಾವಚಿತ್ರಗಳಿಂದ ಆ ನಗರಕ್ಕೆ ಪೇಸ್ಟಲ್ಲಿನ ಹುಚ್ಚು ಹಿಡಿಸಿದಳು. ಎಣ್ಣೆಬಣ್ಣದಲ್ಲಿ ಹೆಸರಾಗಿದ್ದ ಶಾರ್ಡೇನ್ 1770ರ ದಶಕದಲ್ಲಿ, ಕಣ್ಣು ಕೈಕೊಡತೊಡಗಿದಾಗ, ಪೇಸ್ಟಲ್ ಹಿಡಿದ. ಮೂಗಿನ ಮೇಲೆ ಕನ್ನಡಕ ಏರಿಸಿಕೊಂಡು ನಮ್ಮನ್ನು ನೋಡುವ ಅವನ ಮುದಿಮುಖ ಇಂದಿಗೂ ಲೂವ್ರ್ ಸಂಗ್ರಹದಲ್ಲಿದೆ. ಡೆಗಾಸ್ ಕಥೆ ಇನ್ನೂ ದೊಡ್ಡದು. ಪದರದ ಮೇಲೆ ಪದರ ಪೇಸ್ಟಲ್ ಹಾಕಿ, ಹಬೆ ಹಿಡಿದು, ಮೇಲೆ ಮತ್ತೆ ಬರೆದ ಮನುಷ್ಯ ಅವನು.

ನಮ್ಮ ದೇಶಕ್ಕೆ ಈ ವಿದ್ಯೆ ಬಂದ ದಾರಿಗಳಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ. ಕಲ್ಕತ್ತೆಯಲ್ಲಿ ಓಲಿಂಟೊ ಗಿಲಾರ್ಡಿ ಎಂಬ ಇಟಲಿಯ ಕಲಾವಿದನಿಂದ ಅವನೀಂದ್ರನಾಥ ಠಾಕೂರರು 1890ರ ದಶಕದಲ್ಲಿ ಪೇಸ್ಟಲ್ ಕಲಿತರು. ಅದೇ ಅವನೀಂದ್ರನಾಥರಲ್ಲಿ ಮುಂದೆ ಶಿಷ್ಯವೃತ್ತಿ ಮಾಡಿದವರು ನಮ್ಮ ಕೆ. ವೆಂಕಟಪ್ಪನವರು. ವೆಂಕಟಪ್ಪನವರ ಕೈ ಒಲಿದದ್ದು ಜಲವರ್ಣಕ್ಕೆ. ಗುರುವಿನ ಪೇಸ್ಟಲ್ ಶಿಷ್ಯನ ಊರಿನವರೆಗೆ ಅಷ್ಟಾಗಿ ಬರಲಿಲ್ಲ.

ಈಗ ನಿಮ್ಮ ಮನೆಯಲ್ಲೇ ಮಾಡಬಹುದಾದ ಒಂದು ಪ್ರಯೋಗ. ಸೀಮೆಸುಣ್ಣದಿಂದ ಕಪ್ಪುಹಲಗೆಯ ಮೇಲೆ ಒಂದು ಗೆರೆ ಎಳೆಯಿರಿ. ಅದರ ಮೇಲೆ ಒಂದು ಹನಿ ನೀರು ಬಿಡಿ. ಬಿಳಿ ಗೆರೆ ಆ ಜಾಗದಲ್ಲಿ ಮಾಯವಾದಂತೆ ಕಾಣುತ್ತದೆ. ಸುಣ್ಣ ಎಲ್ಲಿಗೂ ಹೋಗಿಲ್ಲ, ನೀರು ಆರಿದ ಮೇಲೆ ಮತ್ತೆ ಬೆಳ್ಳಗಾಗುತ್ತದೆ. ಆದದ್ದೇನೆಂದರೆ, ಪುಡಿಯ ಕಣಗಳ ನಡುವೆ ಇದ್ದ ಗಾಳಿಯ ಜಾಗಕ್ಕೆ ನೀರು ಬಂದಿತು. ಬೆಳಕು ಗಾಳಿಯಿಂದ ಸುಣ್ಣದ ಕಣಕ್ಕೆ ದಾಟುವಾಗ ಹೆಚ್ಚು ಬಾಗುತ್ತದೆ, ಹೆಚ್ಚು ಚದುರುತ್ತದೆ, ನಮ್ಮ ಕಣ್ಣಿಗೆ ಮರಳುತ್ತದೆ. ನೀರಿನಿಂದ ಸುಣ್ಣಕ್ಕೆ ದಾಟುವಾಗ ಅಷ್ಟು ಬಾಗುವುದಿಲ್ಲ, ಒಳಕ್ಕೆ ಇಳಿದುಬಿಡುತ್ತದೆ. ವಕ್ರೀಭವನಾಂಕ ಎಂಬ ದೊಡ್ಡ ಹೆಸರಿನ ಪಾಠ ಇಷ್ಟೇ: ಗಾಳಿಗೆ 1, ನೀರಿಗೆ 1.33, ಎಣ್ಣೆಗೆ ಸುಮಾರು 1.46, ಸೀಮೆಸುಣ್ಣಕ್ಕೆ ಸುಮಾರು 1.6. ಅಂತರ ಹೆಚ್ಚಿದಷ್ಟೂ ಹೊಳಪು. ಅಂಟು ಕಡಿಮೆಯಾದಷ್ಟೂ ಕಣಗಳ ನಡುವೆ ಗಾಳಿ ಉಳಿಯುತ್ತದೆ. ಪೇಸ್ಟಲ್ ಚಿತ್ರಕ್ಕೆ ಆ ಮಖಮಲ್ಲಿನಂಥ ಕಾಂತಿ ಬರುವುದು ಹೀಗೆ. ಪುಡಿ ಉದುರದಂತೆ ಮೇಲೆ ದ್ರಾವಣ ಸಿಂಪಡಿಸಿದರೆ ಬಣ್ಣ ಮಂಕಾಗುವುದಕ್ಕೂ ಇದೇ ಕಾರಣ. ಉಳಿಸಲು ಹೋದರೆ ಬಣ್ಣ ಕಳೆಗುಂದುತ್ತದೆ, ಬಣ್ಣದ ಮೇಲಿನ ಆಸೆಯಿಂದ ಹಾಗೇ ಬಿಟ್ಟರೆ ಅದು ಉಳಿಯುವುದಿಲ್ಲ. ಪೇಸ್ಟಲ್ ಹಿಡಿದವರೆಲ್ಲರ ಇಕ್ಕಟ್ಟು ಇದು.

ಕರಾವಳಿಯವರಿಗೆ ಈ ಪ್ರಯೋಗವನ್ನು ಯಾರೂ ತೋರಿಸಬೇಕಾಗಿಲ್ಲ. ಭಟ್ಕಳದಿಂದ ಕುಮಟೆಯವರೆಗೆ ಹೆದ್ದಾರಿಯ ಬದಿಗೆ ಕಾಣುವ ಕೆಂಪುಕಲ್ಲಿನ ಪಾಗಾರಗಳು ಮೇ ತಿಂಗಳಲ್ಲಿ ಕಿತ್ತಳೆಗೆ ತಿರುಗಿದ ಮಾಸಲು ಬಣ್ಣದವು. ಜೂನಿನ ಮೊದಲ ಮಳೆ ಬಿದ್ದ ಸಂಜೆ ನೋಡಿ, ಅದೇ ಗೋಡೆ ರಕ್ತಗಪ್ಪು. ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಸುಲ್ತಾನನ ಪತನಾನಂತರ ಕಂಪನಿ ಸರಕಾರದ ಆಜ್ಞೆಯ ಮೇರೆಗೆ ಮೈಸೂರು, ಮಲಬಾರು, ಕೆನರಾ ಸೀಮೆಗಳನ್ನು ಸುತ್ತಿದ ವೈದ್ಯ ಇವನು. ಮಲಬಾರಿನಲ್ಲಿ ಈ ಕಲ್ಲನ್ನು ಗಮನಿಸಿ, 1801ರ ಮೊದಲ ತಿಂಗಳುಗಳಲ್ಲಿ ಭಟ್ಕಳ, ಹೊನ್ನಾವರಗಳ ಮೂಲಕ ಗೋಕರ್ಣದ ಕಡೆಗೆ ಸಾಗಿದ. 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಈ ಹೆಸರು ಬಂದಿತು. ಲ್ಯಾಟಿನ್ ಭಾಷೆಯಲ್ಲಿ ಲ್ಯಾಟರ್ ಎಂದರೆ ಇಟ್ಟಿಗೆ. ಅಗೆದಾಗ ಮೆದುವಾಗಿದ್ದು ಗಾಳಿಗೆ ಇಟ್ಟಿಗೆಯಂತೆ ಗಟ್ಟಿಯಾಗುವ ಗುಣವನ್ನು ಅವನು ಸರಿಯಾಗಿಯೇ ಹಿಡಿದಿದ್ದ.

ನನಗೆ ಬೇಕಾದದ್ದು ಕಲ್ಲಲ್ಲ, ಅದರ ಪುಡಿ. ಯುಗಯುಗಗಳ ಮಳೆ ಬಂಡೆಯೊಳಗಿನ ಕರಗುವ ಪದಾರ್ಥಗಳನ್ನೆಲ್ಲ ತೊಳೆದುಕೊಂಡು ಹೋಗಿ, ಕರಗದ ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳನ್ನು ಉಳಿಸಿದೆ. ಹೆಮಟೈಟ್ ಇರುವ ಕಡೆ ಕೆಂಪು, ಗೊಥೈಟ್ ಇರುವ ಕಡೆ ಹಳದಿ ಕಂದು. ಗೊಥೈಟ್ ಎಂಬುದು ಜರ್ಮನ್ ಕವಿ ಗಯಟೆಯ ಹೆಸರು. ಬಣ್ಣಗಳ ಬಗ್ಗೆ ದೊಡ್ಡ ಗ್ರಂಥ ಬರೆದು ನ್ಯೂಟನ್ನನ ಜೊತೆ ಜಗಳ ಕಾಯ್ದ ಕವಿಗೆ ಒಂದು ಹಳದಿ ಮಣ್ಣಿನಲ್ಲಿ ಸ್ಮಾರಕ ದೊರೆತದ್ದು ಚೆನ್ನಾಗಿದೆ. ಈ ಹಳದಿ ಮಣ್ಣನ್ನು ಮುನ್ನೂರು ಡಿಗ್ರಿಯ ಸುಮಾರಿಗೆ ಕಾಯಿಸಿದರೆ ಒಳಗಿನ ನೀರು ಹೋಗಿ ಕೆಂಪಾಗುತ್ತದೆ. ಇನ್ನು ಕಬ್ಬಿಣವಿಲ್ಲದ ಬಿಳಿ ಜೇಡಿ. ಅದಕ್ಕೆ ಕರಾವಳಿಯ ಹೆಸರು ಶೇಡಿ. ಮೂರನೆಯದು ಚಿಪ್ಪಿನ ಸುಣ್ಣ. ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ನೂರಾರು ಜನ ಸೊಂಟಮಟ್ಟದ ನೀರಿನಲ್ಲಿ ಬಳಚು ಹೆಕ್ಕುವುದನ್ನು ನೀವು ನೋಡಿರಬಹುದು. ಮಾಂಸ ಅಡುಗೆಗೆ, ಚಿಪ್ಪು ಸುಣ್ಣಕ್ಕೆ. ಯುರೋಪಿನ ಕಲಾವಿದರ ಸೀಮೆಸುಣ್ಣವೂ ಕಡಲಿನ ಜೀವಿಗಳ ಚಿಪ್ಪೇ ಎಂಬುದನ್ನು ಇಲ್ಲಿ ನೆನೆಯಬೇಕು. ಅವು ಕಣ್ಣಿಗೆ ಕಾಣದಷ್ಟು ಸಣ್ಣವು, ಅಷ್ಟೇ ವ್ಯತ್ಯಾಸ.

ಅಂದರೆ ಪೇಸ್ಟಲ್ ಮಾಡುವವನಿಗೆ ಬೇಕಾದ ಕೆಂಪು, ಹಳದಿ, ಬಿಳಿ ಮೂರೂ ಈ ಮೂರು ತಾಲೂಕುಗಳಲ್ಲಿ ಕಾಲಡಿಯಲ್ಲೇ ಇವೆ. ಕಪ್ಪಿಗೆ ದೀಪದ ಮಸಿ ಇದ್ದೇ ಇದೆ. ಕಡ್ಡಿಯಾಗಿ ಯಾರೂ ಹೊಸೆಯಲಿಲ್ಲ, ಆದರೆ ಬಣ್ಣವಾಗಿ ಬಳಸಿದರು. ಘಟ್ಟದ ಮೇಲಿನ ಸಾಗರ, ಸಿದ್ದಾಪುರಗಳ ದೀವರ ಮನೆಗಳಲ್ಲಿ ಹೆಂಗಸರು ಬರೆಯುವ ಹಸೆ ಚಿತ್ತಾರದ ಸಾಮಗ್ರಿಯನ್ನು ನೋಡಿ: ಕೆಮ್ಮಣ್ಣು ಸಾರಿಸಿದ ಗೋಡೆ, ನೆನೆಸಿ ಅರೆದ ಅಕ್ಕಿಯ ಬಿಳಿ, ಹುರಿದು ಕಪ್ಪಾದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಕುಂಚಕ್ಕೆ ಪುಂಡಿನಾರು. ಕೆಳಗೆ ಕುಮಟಾ, ಹೊನ್ನಾವರ ಕಡೆಯ ಹಾಲಕ್ಕಿ ಒಕ್ಕಲಿಗರ ಮನೆಗಳಲ್ಲೂ ಕೆಂಪು ನೆಲೆಯ ಮೇಲೆ ಬಿಳಿ ಗೆರೆಯ ಬರವಣಿಗೆಯುಂಟು. ಅಂಟು ಎಂದು ಬೇರೆಯಾಗಿ ಏನೂ ಇಲ್ಲ, ಅಕ್ಕಿಯ ಪಿಷ್ಟವೇ ಅಂಟು. ಮಳೆಗಾಲ ಕಳೆದರೆ ಚಿತ್ರ ಮಾಸುತ್ತದೆ. ಮುಂದಿನ ಮದುವೆಗೋ ಹಬ್ಬಕ್ಕೋ ಮತ್ತೆ ಸಾರಿಸಿ ಮತ್ತೆ ಬರೆಯುತ್ತಾರೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಾಡು ಇದು. ಗಾಜು ಹಾಕಿಸಿದ ಪೇಸ್ಟಲ್ ಚಿತ್ರವೂ ಇಲ್ಲಿ ಎರಡು ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ.

ಆದರೆ ಈ ಬಣ್ಣಗಳು ಅತ್ಯಂತ ಸೂಕ್ಷ್ಮವಾದ ಕೆಲಸಕ್ಕೆ ಬಳಕೆಯಾದದ್ದು ಗೋಡೆಯ ಮೇಲೆ ಅಲ್ಲ, ಮುಖದ ಮೇಲೆ. ಹೊನ್ನಾವರ ತಾಲೂಕು ಯಕ್ಷಗಾನದ ಬಡಾಬಡಗು ಎಂದು ಕರೆಯುವ ಉತ್ತರ ಕನ್ನಡದ ತಿಟ್ಟಿನ ತವರು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದ್ದು ಇಲ್ಲಿ. ಅವರ ಮಗ, 2009ರಲ್ಲಿ ತೀರಿಕೊಂಡ ಶಂಭು ಹೆಗಡೆಯವರು ಅದನ್ನು ಬೆಳೆಸಿದ್ದು ಇಲ್ಲಿ. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಚಿಟ್ಟಾಣಿಯೂ ಇದೇ ತಾಲೂಕಿನದು. ಇನ್ನೂ ಹಿಂದಕ್ಕೆ ಹೋದರೆ ಕರ್ಕಿ ಮೇಳ. ಸಾಂಗ್ಲಿಯ ದೊರೆ ಕರ್ನಾಟಕದಿಂದ ಬಂದ ಭಾಗವತ ಮೇಳದ ಆಟ ನೋಡಿ ಮೆಚ್ಚಿ, ಅಂಥದೇ ಒಂದನ್ನು ಮರಾಠಿಯಲ್ಲಿ ಮಾಡೆಂದು ವಿಷ್ಣುದಾಸ ಭಾವೆಯವರಿಗೆ ಹೇಳಿದ್ದು, ಅದರಿಂದ 1843ರಲ್ಲಿ ಸೀತಾ ಸ್ವಯಂವರ ನಾಟಕ ಹುಟ್ಟಿದ್ದು ಮರಾಠಿ ರಂಗಭೂಮಿಯ ಚರಿತ್ರೆಯ ಮೊದಲ ಪುಟ. ಆ ಮೇಳ ಕರ್ಕಿಯದೇ ಎಂದು ಹೊನ್ನಾವರದವರು ಅಭಿಮಾನದಿಂದ ಹೇಳುತ್ತಾರೆ.

ಚೌಕಿಗೆ ಬನ್ನಿ. ಚೌಕಿಯೆಂದರೆ ರಂಗಸ್ಥಳದ ಹಿಂದೆ ವೇಷ ಕಟ್ಟುವ ಜಾಗ. ಒಂದು ಕಡೆ ಗಣಪತಿಯ ಪೂಜೆ, ಕಿರೀಟಗಳು, ಗೆಜ್ಜೆಗಳು. ಉಳಿದೆಡೆ ನೆಲದ ಮೇಲೆ ಚಾಪೆ, ಎದುರಿಗೆ ಕನ್ನಡಿ, ಬಣ್ಣದ ಪೆಟ್ಟಿಗೆ. ಕೇರಳದ ಕಥಕ್ಕಳಿಯಲ್ಲಿ ಚುಟ್ಟಿ ಇಡುವುದಕ್ಕೆ ಬೇರೆ ಕಲಾವಿದನಿರುತ್ತಾನೆ, ನಟ ಮಲಗಿಕೊಂಡು ಮುಖ ಒಡ್ಡುತ್ತಾನೆ. ನಮ್ಮಲ್ಲಿ ವೇಷಧಾರಿ ತನ್ನ ಮುಖವನ್ನು ತಾನೇ ಬರೆದುಕೊಳ್ಳಬೇಕು. ಹೀಗಾಗಿ ಪ್ರತಿಯೊಬ್ಬ ವೇಷಧಾರಿಯೂ ಒಬ್ಬ ಚಿತ್ರಕಾರ. ಅದೂ ಕನ್ನಡಿಯಲ್ಲಿ ಎಡಬಲ ತಿರುಗಿ ಕಾಣುವ, ಉಸಿರಾಡುವ, ಬೆವರುವ ಹಲಗೆಯ ಮೇಲೆ ಬರೆಯುವ ಚಿತ್ರಕಾರ.

ಕೆಲಸದ ಕ್ರಮ ಹೀಗೆ. ಮೊದಲು ಮುಖಕ್ಕೆ ಕೊಬ್ಬರಿ ಎಣ್ಣೆಯ ತೆಳು ಲೇಪ. ಅದರ ಮೇಲೆ ಬಿಳಿ, ಹಳದಿ, ಕೆಂಪುಗಳನ್ನು ಅಂಗೈಯಲ್ಲಿ ಎಣ್ಣೆಯೊಡನೆ ತಿಕ್ಕಿ ಮಾಡಿದ ನೆಲೆಬಣ್ಣ. ಇದರಲ್ಲಿ ಯಾವುದು ಎಷ್ಟು ಎಂಬುದು ಪಾತ್ರಕ್ಕೆ ತಕ್ಕಂತೆ, ನಟನ ಮೈಬಣ್ಣಕ್ಕೆ ತಕ್ಕಂತೆ. ಬಳಿಕ ಎಣ್ಣೆಯ ಮಿರುಗು ಹೋಗುವಂತೆ ಒಣ ಪುಡಿಯನ್ನು ಬಟ್ಟೆಯಲ್ಲಿ ತಟ್ಟುತ್ತಾರೆ. ಪೇಸ್ಟಲ್ ಕಾಗದಕ್ಕೆ ಸ್ವಲ್ಪ ಒರಟು ಮೈ ಇರಬೇಕು, ನುಣುಪು ಕಾಗದದ ಮೇಲೆ ಪುಡಿ ನಿಲ್ಲುವುದಿಲ್ಲ. ಈ ತಟ್ಟುವಿಕೆ ಮುಖಕ್ಕೆ ಕೊಡುವುದೂ ಆ ಒರಟನ್ನೇ. ಅನಂತರ ಕಣ್ಣು ಹುಬ್ಬುಗಳಿಗೆ ಕಾಡಿಗೆ. ಹರಳೆಣ್ಣೆಯ ದೀಪದ ಮೇಲೆ ಪಾತ್ರೆ ಕವುಚಿ ಹಿಡಿದ ಮಸಿ ಅದು. ಕುಂಚವೆಂದರೆ ತೆಂಗಿನ ಗರಿಯ ಸೀಳಿದ ಕಡ್ಡಿ. ಆಮೇಲೆ ಕೆಂಪು, ನಾಮ, ತುಟಿ. ಪೇಸ್ಟಲ್ ಹಿಡಿದವರು ಕಪ್ಪಿನಿಂದ ಬಿಳಿಗೆ ಸಾಗುತ್ತಾರೆ, ಅತ್ಯಂತ ಹೊಳೆಯುವ ಬಿಳಿಯನ್ನು ಕೊನೆಗೆ ಇಡುತ್ತಾರೆ. ಇಲ್ಲಿಯೂ ಬಿಳಿ ಕೊನೆಗೆ.

ಆ ಬಿಳಿಯ ಬಗ್ಗೆ ಸ್ವಲ್ಪ ನಿಲ್ಲಬೇಕು. ರಾವಣ, ಕುಂಭಕರ್ಣ, ಶೂರ್ಪನಖಿಯಂಥ ಬಣ್ಣದ ವೇಷಗಳಿಗೆ ಅಕ್ಕಿಹಿಟ್ಟು ಮತ್ತು ಸುಣ್ಣ ಸೇರಿಸಿ ಅರೆದ ಚುಟ್ಟಿ ಇಡುತ್ತಾರೆ. ಕಡ್ಡಿಯ ತುದಿಯಿಂದ ಒಂದೊಂದೇ ಹನಿ, ಸಾಲಾಗಿ, ಮುಳ್ಳು ಎದ್ದಂತೆ. ಎರಡು ಮೂರು ಗಂಟೆಯ ಕೆಲಸ. ಇಷ್ಟು ಕಷ್ಟವೇಕೆ, ಬಿಳಿ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಬಳಿದರೆ ಸಾಲದೇ ಎಂದು ನಾನು ಕೇಳಿಕೊಂಡದ್ದುಂಟು. ಉತ್ತರ ಆ ಸೀಮೆಸುಣ್ಣದ ಹನಿಯಲ್ಲೇ ಇದೆ. ಅಕ್ಕಿಯ ಪಿಷ್ಟ, ಶೇಡಿ, ಸುಣ್ಣ, ಎಲ್ಲದರ ಅಂಕವೂ ಎಣ್ಣೆಯ ಅಂಕಕ್ಕೆ ಹತ್ತಿರ. ಎಣ್ಣೆಯಲ್ಲಿ ಕಲಸಿದರೆ ಇವು ಬಿಳಿಯಾಗಿ ಕಾಣುವುದಿಲ್ಲ, ಬೂದಿಯಂತೆ ಮಂಕಾಗುತ್ತವೆ. ನೀರಿನಲ್ಲಿ ಕಲಸಿ ಇಟ್ಟರೆ ನೀರು ಆರಿ ಗಾಳಿ ತುಂಬುತ್ತದೆ, ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತ ಸೀಮೆಸುಣ್ಣದ ಪದಾರ್ಥವೇ ಆಗತೊಡಗುತ್ತದೆ. ಎಣ್ಣೆಯೊಳಗೂ ಬಿಳಿಯಾಗಿಯೇ ಉಳಿಯುವುದು ಸಫೇತು, ಅಂದರೆ ಸತುವಿನ ಆಕ್ಸೈಡ್. ಅದರ ಅಂಕ 2ರ ಸುಮಾರು. ಅದು ಯುರೋಪಿನಲ್ಲೇ ಬಣ್ಣವಾಗಿ ಬಳಕೆಗೆ ಬಂದದ್ದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ. ಅಂದಮೇಲೆ ಸಫೇತು ಬರುವ ಮೊದಲು ಉರಿಯುವ ಬಿಳಿ ಬೇಕಾದ ವೇಷಧಾರಿಗೆ ಒಣ ಚುಟ್ಟಿಯೇ ಸುಲಭದ ದಾರಿಯಾಗಿತ್ತು ಎಂಬುದು ನನ್ನ ಊಹೆ. ರಾವಣನ ಮುಖದ ಮೇಲಿನ ಆ ಮುಳ್ಳುಗಳು ಅಪ್ಪಟ ಪೇಸ್ಟಲ್ಲಿನ ತತ್ವದ ಮೇಲೆ ನಿಂತಿವೆ.

ಕೆಂಪಿನ ಕಥೆ ಬೇರೆ. ಗೋಡೆಗೆ ಸಾಕಾದ ಕೆಮ್ಮಣ್ಣು ಮುಖಕ್ಕೆ ಸಾಕಾಗಲಿಲ್ಲ. ಕೆಮ್ಮಣ್ಣಿನ ಕೆಂಪಿನಲ್ಲಿ ಸ್ವಲ್ಪ ಕಂದು ಯಾವಾಗಲೂ ಇರುತ್ತದೆ. ಇಂಗಳೀಕ ಹಾಗಲ್ಲ. ಪಾದರಸ ಮತ್ತು ಗಂಧಕ ಸೇರಿದ ಈ ಪದಾರ್ಥ ಒಂದು ಗಡಿಯವರೆಗಿನ ಬೆಳಕನ್ನೆಲ್ಲ ನುಂಗಿ, ಆ ಗಡಿ ದಾಟಿದ ಕೆಂಪನ್ನು ಕತ್ತರಿಸಿದಂತೆ ಹಿಂದಕ್ಕೆ ಎಸೆಯುತ್ತದೆ. ಕಡಲ ತಡಿಯ ಮಣ್ಣಿನಲ್ಲಿ ಇದು ಸಿಗುವುದಿಲ್ಲ, ಕೊಳ್ಳಬೇಕು. ಎಲ್ಲಿ ಕೊಳ್ಳಬೇಕು? ಭಟ್ಕಳದಲ್ಲಿ. 1516ರ ಸುಮಾರಿಗೆ ಈ ಕರಾವಳಿಯ ಬಂದರುಗಳ ವಿವರ ಬರೆದಿಟ್ಟ ಪೋರ್ಚುಗೀಸ್ ಅಧಿಕಾರಿ ದುಆರ್ತೆ ಬಾರ್ಬೊಸಾ, ವಿಜಯನಗರದ ಅಧೀನದಲ್ಲಿದ್ದ ಭಟ್ಕಳದ ಬಗ್ಗೆ ಹೇಳುತ್ತ, ಅಕ್ಕಿ, ಸಕ್ಕರೆ, ಕಬ್ಬಿಣಗಳು ಅಲ್ಲಿಂದ ಹೊರಡುವುದನ್ನೂ ಓರ್ಮುಜಿನ ಕುದುರೆಗಳು ಅಲ್ಲಿ ಇಳಿಯುವುದನ್ನೂ ಬರೆಯುತ್ತಾನೆ. ಆ ಬಂದರಿನಲ್ಲಿ ಮಾರಾಟವಾಗುವ ಸರಕುಗಳ ಪಟ್ಟಿಯಲ್ಲಿ ತಾಮ್ರ, ಹವಳ, ಪಟಿಕ, ದಂತಗಳ ಜೊತೆಗೆ ಪಾದರಸವೂ ಇಂಗಳೀಕವೂ ಇವೆ. ಆ ಇಂಗಳೀಕ ವೇಷಧಾರಿಗಳ ಪೆಟ್ಟಿಗೆಗೆ ಬಂದಿತೆಂದು ನಾನು ಹೇಳುತ್ತಿಲ್ಲ, ಅದಕ್ಕೆ ದಾಖಲೆ ಬೇಕು. ಆದರೆ ಹೊನ್ನಾವರದ ಚೌಕಿಯಿಂದ ನಲವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಐನೂರು ವರ್ಷಗಳ ಹಿಂದೆಯೇ ಆ ಕೆಂಪು ಸರಕಾಗಿ ದೊರೆಯುತ್ತಿತ್ತು. ಬುಕಾನನ್ ಬರುವ ಹೊತ್ತಿಗೆ ಭಟ್ಕಳದ ಆ ವೈಭವ ಇಳಿದಿತ್ತು. ಕಲ್ಲಿನಲ್ಲಿ ಕಡೆದ ಖೇತಪೈ ನಾರಾಯಣ ದೇವಾಲಯದ ಭಿತ್ತಿಶಿಲ್ಪಗಳು ಮಾತ್ರ ಆ ಶತಮಾನದ ಸಿರಿಗೆ ಈಗಲೂ ಸಾಕ್ಷಿ.

ಹಳದಿಗೆ ಅರದಾಳ. ಅದು ಆರ್ಸೆನಿಕ್ ಮತ್ತು ಗಂಧಕದ ಸಂಯುಕ್ತ. ಕೆಂಪಿನಲ್ಲಿ ಪಾದರಸ, ಹಳದಿಯಲ್ಲಿ ಆರ್ಸೆನಿಕ್! ಎರಡೂ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಅದೇ ಪುಣ್ಯ. ಆದರೂ ಮಳೆಗಾಲ ಮುಗಿದ ದಿನದಿಂದ ಮುಂದಿನ ಮಳೆಗಾಲದವರೆಗೆ, ರಾತ್ರಿಯಿಡೀ, ಕಣ್ಣ ಸುತ್ತ, ತುಟಿಯ ಮೇಲೆ, ಬೆವರಿನೊಡನೆ ಅದನ್ನು ಧರಿಸಿದವರ ಬದುಕನ್ನು ನೆನೆಯಿರಿ. ಒಣ ಪುಡಿಯನ್ನು ಅರೆಯುವಾಗ ಮೂಗಿಗೆ ಹೋದದ್ದು ಬೇರೆ. ಪೇಸ್ಟಲ್ ಕಲಾವಿದರಿಗೂ ಇದೇ ಎಚ್ಚರಿಕೆ ಇದೆ: ಪುಡಿಯನ್ನು ಬಾಯಿಂದ ಊದಬೇಡಿ, ಕಾಗದವನ್ನು ತಟ್ಟಿ ಉದುರಿಸಿ. ಸಂಪ್ರದಾಯದ ಬಣ್ಣವೆಂದ ಮಾತ್ರಕ್ಕೆ ಅದು ಒಳ್ಳೆಯದು ಎಂದು ನಂಬುವ ಪಂಥಕ್ಕೆ ನಾನು ಸೇರಿದವನಲ್ಲ. ಇಂದು ಚೌಕಿಯಲ್ಲಿ ಡಬ್ಬಿಯ ಬಣ್ಣ ಕಂಡಾಗ ಮೂಗು ಮುರಿಯುವವರಿಗೆ ಅರದಾಳದ ರಸಾಯನಶಾಸ್ತ್ರ ಗೊತ್ತಿರಬೇಕು. ಚುಟ್ಟಿಯ ವಿಷಯದಲ್ಲಿ ಮಾತ್ರ ನನಗೆ ಸಮಾಧಾನವಿಲ್ಲ. ಅಕ್ಕಿಗೂ ಸುಣ್ಣಕ್ಕೂ ಅಂಥ ದೋಷವೇನೂ ಇರಲಿಲ್ಲ. ಆಟವೇ ಮೂರು ಗಂಟೆಯ ಕಾಲಮಿತಿಗೆ ಇಳಿದಾಗ ಮೂರು ಗಂಟೆ ಕುಳಿತು ಚುಟ್ಟಿ ಇಡುವವರು ಯಾರು? ಬಣ್ಣದ ವೇಷಗಳು ಕಡಿಮೆಯಾದಂತೆ ಆ ಕೈಗಳೂ ಕಡಿಮೆಯಾದವು.

ಒಂದು ವಿಚಿತ್ರವನ್ನೂ ಹೇಳಿಬಿಡುತ್ತೇನೆ. ಇಂಗಳೀಕಕ್ಕೆ ಬಿಸಿಲು ಮತ್ತು ಉಪ್ಪಿನೊಳಗಿನ ಕ್ಲೋರಿನ್ ಆಗದು. ಎರಡೂ ಸೇರಿದರೆ ವರ್ಷಗಳು ಕಳೆದಂತೆ ಕೆಂಪು ಕಪ್ಪಾಗುತ್ತದೆ. ಯುರೋಪಿನ ಹಳೆಯ ವರ್ಣಚಿತ್ರಗಳಲ್ಲಿ ಹೀಗಾಗಿರುವುದನ್ನು ತಜ್ಞರು ಗುರುತಿಸಿದ್ದಾರೆ. ಕಡಲ ಗಾಳಿಯ ಊರಿನಲ್ಲಿ ಗೋಡೆಗೆ ಬಳಿಯಲು ಇದಕ್ಕಿಂತ ಕೆಟ್ಟ ಬಣ್ಣವಿಲ್ಲ. ಸಂಜೆ ಹಚ್ಚಿ ಬೆಳಗಾದರೆ ಒರೆಸುವ ಮುಖಕ್ಕೆ ಇದಕ್ಕಿಂತ ಒಳ್ಳೆಯದೂ ಇರಲಿಲ್ಲ.

ಇನ್ನು ಬೆಳಕು. ಪಂಜು, ದೊಂದಿ, ಹೊನ್ನೆ ಎಣ್ಣೆಯ ದೀಪಗಳ ಕಾಲದಲ್ಲಿ ಈ ಮುಖಗಳು ರೂಪುಗೊಂಡವು. ಎಣ್ಣೆಯ ಉರಿಯ ಬೆಳಕಿನಲ್ಲಿ ಕೆಂಪು, ಹಳದಿಗಳು ಧಾರಾಳ, ನೀಲಿ ಅತ್ಯಲ್ಪ. ನಾವು ಕ್ಯಾಮೆರಾದವರು ಬೆಳಕಿನ ಬಣ್ಣವನ್ನು ಕೆಲ್ವಿನ್ ಮಾನದಲ್ಲಿ ಎಣಿಸುತ್ತೇವೆ. ಎಣ್ಣೆ ದೀಪ ಎರಡು ಸಾವಿರದ ಸುಮಾರು, ಹಾಲೊಜನ್ 3200, ನಡುಹಗಲು 5500ರ ಸುಮಾರು. ಎರಡು ಸಾವಿರದ ಬೆಳಕಿನಲ್ಲಿ ಇಂಗಳೀಕ ಕೆಂಡದಂತೆ ಉರಿಯುತ್ತದೆ, ಅರದಾಳ ಹೊನ್ನಾಗುತ್ತದೆ, ನೀಲಿ ಕಪ್ಪಿಗೆ ತಿರುಗುತ್ತದೆ. ಕೆಂಪು, ಹಳದಿ, ಬಿಳಿ, ಕಪ್ಪು ಇಷ್ಟನ್ನೇ ಮುಖಕ್ಕೆ ಆರಿಸಿಕೊಂಡದ್ದು ಬಡತನದಿಂದಲ್ಲ, ಆ ಬೆಳಕಿನಲ್ಲಿ ಕೆಲಸಕ್ಕೆ ಬರುವ ಬಣ್ಣಗಳೇ ಅವು. ಆಮೇಲೆ ಗ್ಯಾಸ್‌ಲೈಟು ಬಂತು, ಟ್ಯೂಬ್‌ಲೈಟು ಬಂತು, ಈಗ ಎಲ್‌ಇಡಿ. ಅಗ್ಗದ ಬಿಳಿ ಎಲ್‌ಇಡಿಯಲ್ಲಿ ನೀಲಿ ಚಿಪ್ಪಿನ ಮೇಲೆ ಹಳದಿ ರಂಜಕದ ಲೇಪವಿರುತ್ತದೆ, ಕಡುಗೆಂಪು ಬಹಳ ಕಡಿಮೆ. ದೀಪದಲ್ಲೇ ಇಲ್ಲದ ಕೆಂಪನ್ನು ಮುಖ ಹಿಂದಿರುಗಿಸುವುದಾದರೂ ಎಲ್ಲಿಂದ?

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ, ತಪ್ಪು ಮಾಡಿ ಕಲಿತದ್ದು. ಹೊನ್ನಾವರದ ಹತ್ತಿರದ ಒಂದು ಚೌಕಿಯಲ್ಲಿ ಚಿತ್ರೀಕರಣಕ್ಕೆ ಹೋದಾಗ, ಚೆನ್ನಾಗಿ ಕಾಣಲೆಂದು ನಮ್ಮ ಎರಡು ಎಲ್‌ಇಡಿ ದೀಪಗಳನ್ನು ವೇಷಧಾರಿಯ ಮುಖಕ್ಕೇ ಹಿಡಿಸಿದೆ. ಅರ್ಧ ಮುಖ ಬರೆದಿದ್ದ ಹಿರಿಯರು ಕನ್ನಡಿಯನ್ನು ಕೆಳಗಿಟ್ಟರು. "ಆ ಲೈಟು ಸ್ವಲ್ಪ ಆಚೆ ತಿರುಗಿಸಿ ಮಾರಾಯ್ರೇ. ಇದರಲ್ಲಿ ಬರೆದರೆ ಅಲ್ಲಿ ಬೇರೆಯೇ ಕಾಣ್ತದೆ" ಎಂದರು. ಅಲ್ಲಿ ಎಂದರೆ ರಂಗಸ್ಥಳದಲ್ಲಿ. ದೀಪ ಆರಿಸಿದೆವು. ಅವರು ತಮ್ಮ ಹಳದಿ ಬಲ್ಬಿನ ಕೆಳಗೆ ಸರಿದು, ಬಲಗೆನ್ನೆಯ ಕೆಂಪನ್ನು ಒರೆಸಿ ಮತ್ತೆ ಬರೆದರು. ನಮ್ಮ ಬೆಳಕಿನಲ್ಲಿ ಸಾಲದೆಂದು ಅವರಿಗೆ ಅರಿವಿಲ್ಲದೆ ಎರಡು ಪಾಲು ಕೆಂಪು ಹಚ್ಚಿದ್ದರು. ನಮ್ಮಿಂದ ಅವರಿಗೆ ಇಪ್ಪತ್ತು ನಿಮಿಷ ಹೋಯಿತು. ಭಾಗವತರ ಕಡೆಯಿಂದ ಎರಡು ಸಲ ಕರೆ ಬಂತು.

ಬೆಳಗಿನ ಜಾವ ಆಟ ಮುಗಿದು ಅವರು ಚೌಕಿಗೆ ಮರಳಿದಾಗ ನಮ್ಮ ಕ್ಯಾಮೆರಾ ಇನ್ನೂ ಓಡುತ್ತಿತ್ತು. ಚುಟ್ಟಿಯನ್ನು ಉಗುರಿನಿಂದ ಎಬ್ಬಿಸಿದರು, ಅದು ಒಣಗಿದ ಸುಣ್ಣದಂತೆ ಚಟಚಟನೆ ಉದುರಿತು. ಅಂಗೈ ತುಂಬ ಕೊಬ್ಬರಿ ಎಣ್ಣೆ ಸುರಿದು ಮುಖ ತಿಕ್ಕಿ, ಹಳೆಯ ಪಂಚೆಯ ತುಂಡಿನಿಂದ ಒರೆಸಿದರು. ಕೆಂಪು, ಹಳದಿ, ಕಪ್ಪು ಎಲ್ಲ ಕಲೆತು ಕಂದಾಗಿ ಬಟ್ಟೆಗೆ ಬಂತು. ಮೂರು ಗಂಟೆಯ ಕೆಲಸ ಮೂರು ನಿಮಿಷದಲ್ಲಿ ಹೋಯಿತು. ಹಿಂದಿನ ತಲೆಮಾರಿನವರ ಮುಖಗಳು ನಮಗೆ ಉಳಿದಿರುವುದು ಹೆಚ್ಚಾಗಿ ಕಪ್ಪುಬಿಳುಪು ಫೋಟೋಗಳಲ್ಲಿ. ಆ ಫೋಟೋಗಳಲ್ಲಿ ಕೆಂಪೂ ಕಪ್ಪೇ. 1957ರಲ್ಲಿ ಯಕ್ಷಗಾನ ಬಯಲಾಟ ಗ್ರಂಥವನ್ನು ಪ್ರಕಟಿಸಿದ ಶಿವರಾಮ ಕಾರಂತರು ವೇಷಭೂಷಣ, ಮುಖವರ್ಣಿಕೆಗಳಿಗೂ ಗಮನ ಕೊಟ್ಟದ್ದು ದೊಡ್ಡ ಉಪಕಾರ. ಆದರೆ ಅಂಗೈಯಲ್ಲಿ ಎಷ್ಟು ಎಣ್ಣೆಗೆ ಎಷ್ಟು ಪುಡಿ ಎಂಬುದು ಯಾವ ಗ್ರಂಥದಿಂದಲೂ ಕೈಗೆ ಬರುವಂಥದ್ದಲ್ಲ.

ಊರಿಗೆ ಮರಳುವಾಗ ಹೆದ್ದಾರಿಯ ಬದಿಯ ಗುಡ್ಡದಿಂದ ಒಂದು ಚೀಲ ಕೆಮ್ಮಣ್ಣು, ಒಂದಿಷ್ಟು ಹಳದಿ ಮಣ್ಣು, ಪರಿಚಯದವರ ಮನೆಯಿಂದ ಶೇಡಿಯ ಎರಡು ಉಂಡೆ ತಂದೆ. ನೀವೂ ಮಾಡಿ ನೋಡಬಹುದು. ಮಣ್ಣನ್ನು ಬಕೆಟ್ಟಿನ ನೀರಿಗೆ ಹಾಕಿ ಕಲಕಿ. ಅರ್ಧ ನಿಮಿಷ ಬಿಟ್ಟರೆ ಮರಳು ತಳ ಸೇರುತ್ತದೆ. ಮೇಲಿನ ಬಣ್ಣದ ನೀರನ್ನು ಬೇರೆ ಪಾತ್ರೆಗೆ ಬಸಿಯಿರಿ. ರಾತ್ರಿ ಕಳೆದರೆ ನುಣ್ಣನೆಯ ಕೆಸರು ಉಳಿಯುತ್ತದೆ. ಒಣಗಿಸಿ, ಅರೆದು, ಸ್ವಲ್ಪ ಶೇಡಿ ಸೇರಿಸಿ, ಗೋಂದಿನ ಬದಲು ಗಂಜಿಯ ತಿಳಿಯಲ್ಲಿ ಕಲಸಿ ಹೊಸೆಯಿರಿ. ನನ್ನ ಮೊದಲ ಸರದಿಯ ಕಡ್ಡಿಗಳು ಕಲ್ಲಾದವು, ಎರಡನೆಯವು ಕೈಯಲ್ಲೇ ಉದುರಿದವು. ಗಂಜಿಗೆ ಮೂರು ಪಾಲು ನೀರು ಬೆರೆಸಿದಾಗ ಮೂರನೆಯ ಸರದಿ ಸರಿಬಂತು. ಕಪ್ಪಿಗೆ ದೇವರ ಮನೆಯ ದೀಪದ ಮಸಿ.

ಆ ನಾಲ್ಕು ಕಡ್ಡಿಗಳಲ್ಲಿ, ಒರಟು ಕಾಗದದ ಮೇಲೆ, ಹಳದಿ ಬಲ್ಬಿನ ಕೆಳಗೆ ಕುಳಿತ ಆ ಹಿರಿಯರನ್ನು ಬರೆಯಲು ಕುಳಿತೆ. ನಾನು ಚಿತ್ರಕಾರನಲ್ಲ, ಶಾಟ್ ಕಾಗದ ಬರೆದು ರೂಢಿಯಾದ ಕೈ ಅಷ್ಟೇ. ಮೈಬಣ್ಣ ಬಂತು, ನೆರಳು ಬಂತು, ಕೆಂಪುಕಲ್ಲಿನ ಗೋಡೆಯಂತೂ ಅಪ್ಪಟವಾಗಿ ಬಂತು. ಗೋಡೆಯ ಮಣ್ಣಿನಿಂದಲೇ ಗೋಡೆ ಬರೆದಂತಾಯಿತಲ್ಲ. ತುಟಿ ಮತ್ತು ಹಣೆಯ ನಾಮದ ಕೆಂಪು ಮಾತ್ರ ಬರಲಿಲ್ಲ. ಕೆಮ್ಮಣ್ಣನ್ನು ಎಷ್ಟು ಕಾಯಿಸಿದರೂ ಅದು ಕೆಮ್ಮಣ್ಣೇ. ಕೊನೆಗೆ ಅವೆನ್ಯೂ ರಸ್ತೆಯ ಕಡೆಯ ಅಂಗಡಿಯಿಂದ ಒಂದೇ ಒಂದು ಕಡ್ಡಿ ಕೊಂಡು ತಂದೆ. ಮೇಲೆ ಇಂಗಳೀಕದ ಇಂಗ್ಲಿಷ್ ಹೆಸರು ವರ್ಮಿಲಿಯನ್ ಎಂದೇ ಅಚ್ಚಾಗಿತ್ತು. ಕೆಳಗಿನ ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಿದೆ, ಪಾದರಸವಿರಲಿಲ್ಲ.